ಸಹಾಯ ಬೇಕು: ಕೆ.ಎಸ್.ನ. ಅವರ ಕೊನೆಗಾಲದ ಸಂಕಲನಗಳು ಎಲ್ಲಿ ಸಿಗುತ್ತವೆ?

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ ಈಗ 81. ಅಮ್ಮ ಹೋಗಿ ಎಂಟು ತಿಂಗಳಾಯ್ತು. ಆಗಿನಿಂದ ಅವರು ಓದುವುದು ಕೆ.ಎಸ್. ನರಸಿಂಹಸ್ವಾಮಿ ಒಬ್ಬರನ್ನೇ. 'ಮೈಸೂರು ಮಲ್ಲಿಗೆ' ಅವರಿಗೆ ಬಾಯಿಪಾಠ, ಆದರೆ ಮೊನ್ನೆ ಕನ್ನಡಕ ತೆಗೆದು ಒರೆಸುತ್ತಾ, "ಇದು 1942ರ ಪುಸ್ತಕ ಕಣೋ, ಇನ್ನೂ ಮೂವತ್ತಾಗದ ಹುಡುಗ ಬರೆದಿದ್ದು, ನನಗೀಗ ಮುದುಕ ಬರೆದದ್ದು ಬೇಕು" ಅಂದರು. ಸರಿ ತಾನೇ! ಕವಿ 2003ರಲ್ಲಿ ತೀರಿಕೊಂಡರು, ಆಗ 88 ವರ್ಷ, ಎಂಬತ್ತು ದಾಟಿದ ಮೇಲೂ ಬರೆಯುತ್ತಲೇ ಇದ್ದರು. ಆ ಕವಿತೆಗಳಲ್ಲೂ ಅದೇ ಹೆಂಡತಿ, ಅದೇ ಮನೆ, ಆದರೆ ಈಗ ಸಾವೂ ಬಂದು ಜಗಲಿಯಲ್ಲಿ ಕೂತಿರುತ್ತದೆ.

ಮನೆಯಲ್ಲಿದ್ದ 'ದುಂಡುಮಲ್ಲಿಗೆ'ಯನ್ನು ನೆಂಟರೊಬ್ಬರು ಓದಿ ಕೊಡ್ತೀನಿ ಅಂತ ಒಯ್ದರು, ಅಷ್ಟೇ, ವಾಪಸ್ ಬರಲೇ ಇಲ್ಲ. ಅವರ ಕವಿತೆಗಳನ್ನೆಲ್ಲ ಸೇರಿಸಿದ ಸಂಪುಟ 'ಮಲ್ಲಿಗೆಯ ಮಾಲೆ' ಇದೆ, ಆದರೆ ಅದು ಬಂದ ಮೇಲಿನ ಕವಿತೆಗಳು ಅದರಲ್ಲಿಲ್ಲ ಅಲ್ವಾ.

'ದುಂಡುಮಲ್ಲಿಗೆ', 'ಸಂಜೆ ಹಾಡು' ಯಾರ ಹತ್ತಿರವಾದರೂ ಇದ್ದರೆ ತಿಳಿಸಿ. ಹಳೇ ಪ್ರತಿ ಆದರೂ ಪರವಾಗಿಲ್ಲ, ಅಂಚೆ ಖರ್ಚು ನನ್ನದು. ಅಪ್ಪನಿಗೆ ಕಣ್ಣಿನ ಪೊರೆ ಇರುವುದರಿಂದ ಸಣ್ಣ ಅಕ್ಷರ ಕಾಣುವುದಿಲ್ಲ. ಯಾರಾದರೂ ಓದಿ ರೆಕಾರ್ಡ್ ಮಾಡಿಟ್ಟಿದ್ದರೆ ಅದೂ ಆಗಬಹುದು. ರಾಗ ಹಾಕಿದ್ದು ಬೇಡ, ಸುಮ್ನೆ ಓದಿದ್ದು ಸಾಕು.