ನರ್ಸರಿ ಮಕ್ಳಿಗೆ "ನಾನು ಬೆಳೀತಿದ್ದೀನಿ" ಅಂತ ಹೇಗೆ ಹೇಳ್ಕೊಡ್ತೀರಾ? ಅನುಭವ ಹೇಳಿ

ಹೊಸ ಟೀಚರ್: ನಮ್ ಸ್ಕೂಲಲ್ಲಿ ನರ್ಸರಿ, ಎಲ್‌ಕೆಜಿಗೆ ಮುಂದಿನ ಎರಡು ವಾರದ ಥೀಮು "ಬೆಳವಣಿಗೆ, ನನ್ನ ಕೆಲಸ ನಾನೇ ಮಾಡ್ತೀನಿ". ಪಾಪು, ಹುಡುಗ, ಅಪ್ಪ, ಅಜ್ಜ ಅಂತ ಒಂದು ಚಾರ್ಟ್ ಕೊಟ್ಟಿದ್ದಾರೆ, ತೋರ್ಸೋಕೆ ಶುರು ಮಾಡಿದ್ರೆ ಮಕ್ಳು ಕಿಟಕಿ ಆಚೆ ನೋಡ್ತಾರೆ. ನೀವೆಲ್ಲ ಏನ್ ಮಾಡಿದ್ರಿ?

ಅಂಗನವಾಡಿ ಟೀಚರ್, ಮಂಡ್ಯ ಕಡೆ: ಚಾರ್ಟ್ ಪಕ್ಕಕ್ಕಿಡಿ ಮೇಡಂ. ನಾನು ಒಂದು ಬಟ್ಟೆ ಚೀಲಕ್ಕೆ 3 ಕೆಜಿ ರಾಗಿ ತುಂಬಿ "ನೀವು ಹುಟ್ಟಿದಾಗ ಹತ್ರತ್ರ ಇಷ್ಟೇ ಇದ್ರಿ" ಅಂತ ಕೈಗೆ ಕೊಡ್ತೀನಿ, ಅದನ್ನ ಎತ್ಕೊಂಡು ತೂಗ್ತವೆ, ಜೋಗುಳ ಹಾಡ್ತವೆ, ಒಬ್ರಿಂದ ಒಬ್ರು ಕಿತ್ಕೊಳ್ತವೆ. ಆಮೇಲೆ ಒಂದು ಮಗೂನ ತೂಕದ ಮೆಷಿನ್ ಮೇಲೆ ನಿಲ್ಸಿದ್ರೆ 14, 15 ಕೆಜಿ ಬರುತ್ತಲ್ಲ, ಅಂಥ ಐದು ಚೀಲ ಸಾಲಾಗಿ ಇಟ್ಟು ತೋರ್ಸಿ, ಬಾಯ್ ಬಿಟ್ಕೊಂಡು ನೋಡ್ತವೆ. ತಾಯಿ ಕಾರ್ಡಲ್ಲಿರೋ ತೂಕಾನ ಎಲ್ಲರ ಮುಂದೆ ಓದೋಕೆ ಹೋಗ್ಬೇಡಿ, ಎರಡೂವರೆ ಕೆಜಿಗಿಂತ ಕಮ್ಮಿ ಹುಟ್ಟಿದ ಮಕ್ಳೂ ಇರ್ತಾರೆ, ಅಮ್ಮಂದ್ರಿಗೆ ನೋವಾಗುತ್ತೆ. ಗೋಡೆ ಮೇಲೆ ಎತ್ತರದ ಗೆರೆ ಹಾಕೋದಾದ್ರೆ ತಿಂಗಳು ತಿಂಗಳು ಬೇಡ. ಈ ವಯಸ್ಸಲ್ಲಿ ವರ್ಷಕ್ಕೆ 6–7 ಸೆಂಟಿಮೀಟರ್ ಬೆಳೆಯೋದು, ತಿಂಗಳಿಗೆ ಏನೂ ಕಾಣಲ್ಲ, "ನಾನು ಬೆಳೀಲೇ ಇಲ್ಲ" ಅಂತ ಅಳ್ತವೆ. ಜೂನಲ್ಲಿ ಒಂದ್ಸಲ, ಸಂಕ್ರಾಂತಿ ಆದ್ಮೇಲೆ ಒಂದ್ಸಲ ಸಾಕು.

ಎಲ್‌ಕೆಜಿ ಹುಡುಗನ ಅಮ್ಮ: ನನ್ ಮಗನ ಪ್ರಕಾರ ಅಜ್ಜಿ ಚಿಕ್ಕಪ್ಪನಿಗಿಂತ ಚಿಕ್ಕೋರು, ಯಾಕಂದ್ರೆ ಗಿಡ್ಡ ಇದ್ದಾರೆ 😄 ಅವನು ದೊಡ್ಡೋನಾದ್ಮೇಲೆ ನಾನು ಪಾಪು ಆಗ್ತೀನಂತೆ, ಆಗ ನಂಗೆ ಊಟ ಮಾಡಿಸ್ತಾನಂತೆ. ತಿದ್ದೋಕೆ ಹೋಗಿಲ್ಲ. ನಾನು ಎರಡು ಜಡೆ ಹಾಕ್ಕೊಂಡಿದ್ದ ಹಳೇ ಫೋಟೋ ಕೊಟ್ಟೆ, ತುಂಬಾ ಹೊತ್ತು ನೋಡಿ "ಆಗ ನಾನೆಲ್ಲಿದ್ದೆ" ಅಂದ.

ರಿಟೈರ್ಡ್ ಟೀಚರ್, ಧಾರವಾಡ: ಎರಡು ವಾರಕ್ಕ ಮುಗಿಸಬ್ಯಾಡ್ರಿ ಇದನ್ನ, ವರ್ಷಿಡೀ ನಡಿಲಿ. ಮೊದಲಿಗೆ ಊಟದ ಡಬ್ಬಿ ನೋಡ್ರಿ. ನನಗ ತೆಗಿಯಾಕ ಬರದಂಥ ಬಿಗಿ ಮುಚ್ಚಳದ ಡಬ್ಬಿ ಕೊಟ್ಟು ಕಳಸ್ತಾರ, ಕೂಸು ಹೆಂಗ ತೆಗೀಬೇಕು? ಅಂಗಡ್ಯಾಗ ಕೂಸಿನ ಕೈಲೇ ತೆಗಿಸಿ ನೋಡ್ರಿ, ಬಂದ್ರ ತಗೋರಿ ಅಂತ ಪಾಲಕರ ಮೀಟಿಂಗ್‌ನ್ಯಾಗ ಹೇಳ್ರಿ. ಅಂಗಿ ಗುಂಡಿ ಕೆಳಗಿಂದ ಹಾಕಸ್ರಿ, ಮ್ಯಾಲಿಂದ ಸುರು ಮಾಡಿದ್ರ ಗದ್ದದ ಕೆಳಗ ಕಾಣಂಗಿಲ್ಲ, ಒಂದ್ ಗುಂಡಿ ಹೆಚ್ಚುಕಮ್ಮಿ ಆಗ್ತದ. ಚಪ್ಪಲಿಗೆ ಒಂದ್ ಸ್ಟಿಕ್ಕರ್ ಅರ್ಧ ಕತ್ತರಿಸಿ ಎಡಕ್ಕಷ್ಟು ಬಲಕ್ಕಷ್ಟು ಅಂಟಸ್ರಿ, ಜೋಡಿಸಿದ್ರ ಪೂರಾ ಚಿತ್ರ ಆಗಬೇಕು. ಮೂಗು ಒರಸ್ಕೊಳ್ಳೂದನ್ನೂ ಕಲಸ್ರಿ, ನಗಬ್ಯಾಡ್ರಿ ಮತ್ತ. 1907ರಾಗ ರೋಮ್‌ನ್ಯಾಗ ಬಡವರ ಮಕ್ಕಳಿಗೆ ಸಾಲಿ ಸುರು ಮಾಡಿದ ಮಾಂಟೆಸೊರಿ ಬಾಯಾರು ಇದನ್ನ ಮಾಡಿ ತೋರಿಸಿದಾಗ ಮಕ್ಕಳು ಚಪ್ಪಾಳಿ ಹೊಡದಿದ್ರಂತ. ಮೂಗಿನ ಸಲುವಾಗಿ ಬೈಯವ್ರು ಎಲ್ಲಾರೂ, ಹೆಂಗ ಅಂತ ತೋರಸವ್ರು ಯಾರೂ ಇಲ್ಲ.

ಬೆಂಗಳೂರು, ಪ್ರೀಸ್ಕೂಲ್ ಟೀಚರ್: ಟಾಯ್ಲೆಟ್ ವಿಷಯ ಯಾರೂ ಎತ್ತೇ ಇಲ್ವಲ್ಲ! ಮನೇಲಿ ಕಮೋಡ್ ಇರುತ್ತೆ, ಸ್ಕೂಲಲ್ಲಿ ಇಂಡಿಯನ್, ಕೆಲವು ಮಕ್ಳು ಮನೆಗೆ ಹೋಗೋ ತನಕ ತಡ್ಕೊಂಡು ಕೂತಿರ್ತಾರೆ, ಆ ಭಯಕ್ಕೆ ನೀರೂ ಕುಡಿಯಲ್ಲ. ನಾವು ಮೊದ್ಲು ಬಟ್ಟೆ ಹಾಕ್ಕೊಂಡೇ ಕೂತು ಏಳೋ ಆಟ ಆಡಿಸ್ತೀವಿ, ಆಮೇಲೆ ಚಿಕ್ಕ ಮಗ್ಗಲ್ಲಿ ನೀರು ಹಾಕ್ಕೊಳ್ಳೋದು. ಬೆಲ್ಟು ಹುಕ್ಕು ಬೇಡ, ಎಲಾಸ್ಟಿಕ್ ಚಡ್ಡಿ ಕಳ್ಸಿ ಅಂತ ಮನೆಗೆ ಹೇಳ್ಬಿಡಿ. ತಾನೇ ತೊಳ್ಕೊಳ್ಳೋದು ಕಲಿಸೋವಾಗ್ಲೇ ಇನ್ನೊಂದೂ ಸೇರಿಸಿ, ತೊಳೆಯೋಕೆ ಹೆಲ್ಪ್ ಮಾಡೋರು ಬಿಟ್ಟು ಬೇರೆ ಯಾರೂ ಅಲ್ಲಿ ಮುಟ್ಟಬಾರ್ದು, ಯಾರೇ ಆಗ್ಲಿ "ಯಾರಿಗೂ ಹೇಳ್ಬೇಡ" ಅಂದ್ರೆ ತಕ್ಷಣ ಬಂದು ಹೇಳು ಅಂತ.

ಎರಡು ಮಕ್ಕಳ ಅಪ್ಪ: ಒಂದ್ ಮಾತು, ಮನೇಲಿ ಹೊಸ ಪಾಪು ಬಂದಿರೋ ಮಗು ಇದ್ರೆ ಸ್ವಲ್ಪ ನೋಡ್ಕೊಳ್ಳಿ. ನಮ್ಮ ದೊಡ್ಡವಳಿಗೆ "ನೀನೀಗ ದೊಡ್ಡೋಳು" ಅಂತ ಕೇಳ್ಸೋದೇ ಬೈಯೋವಾಗ, ಅಳು ನಿಲ್ಸೋವಾಗ. ಮತ್ತೆ ಹಾಸಿಗೆ ಒದ್ದೆ ಮಾಡೋಕೆ ಶುರು ಮಾಡಿದ್ಲು. ಒಂದೊಂದು ರಾತ್ರಿ ಅಜ್ಜಿ ತುತ್ತು ಮಾಡಿ ತಿನ್ನಿಸ್ತಾರೆ, ತಿನ್ನಿಸ್ಲಿ, ಬೆಳಿಗ್ಗೆ ತಾನೇ ಕಲಸ್ಕೊಂಡು ತಿಂತಾಳೆ.

ಹೊಸ ಟೀಚರ್: ಎಲ್ಲರಿಗೂ ಥ್ಯಾಂಕ್ಸ್, ರಾಗಿ ಚೀಲ ಸೋಮವಾರಾನೇ. ಚಿಕ್ಕಂದಿನ ಬಟ್ಟೆ, ಫೋಟೋ ತರೋಕೆ ಹೇಳೋಣ ಅಂತಿದ್ದೆ, ಕೆಲವರ ಹತ್ರ ಏನೂ ಇಲ್ದಿದ್ರೆ?

ಅಂಗನವಾಡಿ ಟೀಚರ್, ಮಂಡ್ಯ ಕಡೆ: ಡೈರೀಲಿ ಬರೆದು ಕಳಿಸ್ಬೇಡಿ, ಮನೆಯವರನ್ನ ಒಬ್ಬೊಬ್ಬರಾಗಿ ಕೇಳಿ. ದತ್ತು ಮಕ್ಳು, ಅಮ್ಮ ಇಲ್ಲದ ಮಕ್ಳು ಇರ್ತಾರೆ. ನಾನಂತೂ ಒಂದು ಕುಲಾವಿ, ಎರಡು ಜುಬ್ಬ ಸೆಂಟರಲ್ಲೇ ಇಟ್ಟಿದ್ದೀನಿ, ಎಲ್ಲರೂ ಅದನ್ನೇ ತಲೆಗೆ ಹಾಕ್ಕೊಳ್ಳೋಕೆ ನೋಡ್ತಾರೆ, ಯಾರ ತಲೆಗೂ ಆಗಲ್ಲ.