ಸಮಸ್ಯಾಪೂರಣ: ಹೊತ್ತು ಮೂಡಲು ಬೆಳಕು ಕೆಟ್ಟಿತು

ತುಂಗೆದಡ:
ಈ ವಾರ ಚಿತ್ರ ನೋಡಿ ಬರೆಯುವ ಸಮಸ್ಯೆ. ಕೊನೆಯ ಸಾಲು ನಾನು ಕೊಡುತ್ತೇನೆ, ಅದಕ್ಕೆ ಹೊಂದುವ ಮೇಲಿನ ಮೂರು ಸಾಲು ನಿಮ್ಮದು. ಫ್ರೆಂಚ್ ಚಿತ್ರಕಾರ ಕ್ಲಾಡ್ ಮೊನೆ 1896–97ರಲ್ಲಿ ಬರೆದ ಸೀನ್ ನದಿಯ ಮುಂಜಾವಿನ ಚಿತ್ರಗಳು. ಫ್ರಾನ್ಸಿನ ಜಿವೆರ್ನಿ ಹತ್ತಿರದ ಜಾಗ. ನೀರು, ಮಂಜು, ನೀರಿನ ಮೇಲೆ ಬಾಗಿದ ಮರಗಳು. ಮನುಷ್ಯರ ಸುಳಿವಿಲ್ಲ. ಕೊನೆಯ ಸಾಲು:

ಹೊತ್ತು ಮೂಡಲು ಬೆಳಕು ಕೆಟ್ಟಿತು

ಮೂರು-ನಾಲ್ಕು, ಮೂರು-ನಾಲ್ಕು ಮಾತ್ರೆ. ಭಾಮಿನಿ ಷಟ್ಪದಿಯ ನಡೆ, ಆದರೆ ಆರಲ್ಲ, ನಾಲ್ಕೇ ಸಾಲು. ಹಯಪ್ರಾಸ, ಅಂದರೆ ಪ್ರತಿ ಸಾಲಿನ ಎರಡನೇ ಅಕ್ಷರ ಸಜಾತಿ ಒತ್ತಿನದು, ಇಲ್ಲಿ ‘ತ್ತ’. ಹೊತ್ತು ಹುಟ್ಟಿದರೆ ಬೆಳಕು ಬರಬೇಕು, ಕೆಡುವುದು ಹೇಗೆ? ನೀವೇ ಹೇಳಿ.

ಗೂಬೆಕಣ್ಣು:
ಅತ್ತಿ ಮರದಲಿ ಗೂಬೆ ಗೊಣಗಿತು
ಬತ್ತಿ ಇಲ್ಲದೆ ಕಂಡಿತೆಲ್ಲವು
ಎತ್ತ ಹಾರಲಿ? ಕಣ್ಣು ಕುಕ್ಕಿದೆ
ಹೊತ್ತು ಮೂಡಲು ಬೆಳಕು ಕೆಟ್ಟಿತು

ಚಿತ್ರದಲ್ಲಿ ಗೂಬೆ ಇಲ್ಲ ಅಂತ ಬೈಯಬೇಡಿ. ಮಂಜಿನಲ್ಲಿ ಕಾಣುತ್ತಿಲ್ಲ, ಅಷ್ಟೆ.

ಒತ್ತಕ್ಷರ:
ಗೂಬೆ ಇರಲಿ, ಸೀನ್ ದಡಕ್ಕೆ ಅತ್ತಿ ಮರ ಎಲ್ಲಿಂದ ಬಂತು?

ಗೂಬೆಕಣ್ಣು:
ಪ್ರಾಸ ತಂದು ನೆಟ್ಟಿತು ಸರ್.

ನೀರುನೆರಳು:
ಕತ್ತಲಿರುತಲೆ ದೋಣಿಯೇರಿದ
ಮತ್ತೆ ಮಂಜಿನ ಬಣ್ಣ ಮೆತ್ತಿದ
ಸುತ್ತ ನೀಲಿಯು ಕರಗಿ ಹೋಯಿತು
ಹೊತ್ತು ಮೂಡಲು ಬೆಳಕು ಕೆಟ್ಟಿತು

ಒತ್ತಕ್ಷರ:
ಸೊಗಸಾಗಿದೆ. ಆದರೆ ಎರಡನೇ ಸಾಲಿನ ‘ಮತ್ತೆ’ ಸುಮ್ನೆ ಪ್ರಾಸಕ್ಕೆ ಸಿಕ್ಕಿಸಿದ ಹಾಗಿದೆ, ಅಲ್ವಾ?

ನೀರುನೆರಳು:
ಇಲ್ಲ ಸರ್, ಪದ್ಯ ನಿಂತಿರುವುದೇ ಆ ಪದದ ಮೇಲೆ. ಮೊನೆ ಬೆಳಗಿನ ಜಾವ 3.30ಕ್ಕೆ ಏಳುತ್ತಿದ್ದ. ಎಪ್ತ್ ಹೊಳೆ ಸೀನ್ ಸೇರುವ ಕಡೆ ದೋಣಿ ನಿಲ್ಲಿಸಿ, ಅದರಲ್ಲೇ ಕೂತು ಬರೆಯುತ್ತಿದ್ದ. 1896ರಲ್ಲಿ ಶುರು ಮಾಡಿ 1897ರಲ್ಲೂ ಅದೇ ಜಾಗಕ್ಕೆ ಹೋದ. ಅವನಿಗೆ ಬೇಕಾಗಿದ್ದು ಮಂಜು ಇನ್ನೂ ನೀರಿನ ಮೇಲೆ ಕೂತಿರುವಾಗಿನ ನೀಲಿ. ಆಗ ಮರ ಎಲ್ಲಿ ಮುಗಿಯಿತು, ನೆರಳು ಎಲ್ಲಿ ಶುರುವಾಯಿತು ಗೊತ್ತೇ ಆಗುವುದಿಲ್ಲ. ಬಿಸಿಲು ಬಿತ್ತೋ, ಮಂಜು ಎದ್ದು ಹೋಯಿತು, ಎಲ್ಲಕ್ಕೂ ಅಂಚು ಬಂತು. ಆ ಕ್ಯಾನ್ವಾಸಿನ ಕೆಲಸ ಅವತ್ತಿಗೆ ಮುಗಿಯಿತು. ನಾಳೆ ಅದೇ ಹೊತ್ತಿಗೆ ಮತ್ತೆ ಬರಬೇಕು.

ಒತ್ತಕ್ಷರ:
ಸರಿ, ಸೋತೆ. ‘ಮತ್ತೆ’ ಇರಲಿ.

ಹೊಸಬ:
ನನ್ನದು ಮೊದಲ ಪ್ರಯತ್ನ, ಜಾಸ್ತಿ ನಗಬೇಡಿ. ಮೊನೆ ಒಟ್ಟಿಗೆ 14 ಕ್ಯಾನ್ವಾಸ್ ಶುರು ಮಾಡಿಕೊಂಡಿದ್ದ, ಬೆಳಕು ಬದಲಾದ ಹಾಗೆ ಒಂದನ್ನು ಬಿಟ್ಟು ಇನ್ನೊಂದು ಹಿಡಿಯುತ್ತಿದ್ದ ಅಂತ ಓದಿದ್ದೆ. ‘ಹದಿನಾಲ್ಕು’ ಅಂತ ಶುರು ಮಾಡಿದರೆ ಪ್ರಾಸ ಕೂರಲಿಲ್ಲ. ಅರ್ಧ ಗಂಟೆ ಒದ್ದಾಡಿ ಅದನ್ನೇ ಎರಡು ತುಂಡು ಮಾಡಿದೆ.

ಹತ್ತು ನಾಲ್ಕೂ ಪಟವ ಹರಡಿದ
ಎತ್ತಿ ಒಂದನು ಒಂದನಿಳಿಸಿದ
ಇತ್ತ ತಿದ್ದಲು ಅತ್ತ ಮಾಸಿತು
ಹೊತ್ತು ಮೂಡಲು ಬೆಳಕು ಕೆಟ್ಟಿತು

ತುಂಗೆದಡ:
ಭೇಷ್! ಒಂದು ಮಾತ್ರೆ ಕಡಿಮೆ ಬಿತ್ತು ಅಂತ ‘ನಾಲ್ಕೂ’ ಎಳೆದಿದ್ದು ಗೊತ್ತಾಯಿತು, ಬಿಡಿ. ಮೂರನೇ ಸಾಲಿಗೆ ಎಲ್ಲ ಮಾಫಿ. ಚಿತ್ರ ಅದೇ ಇರಲಿ, ಮುಂದಿನ ಸಾಲು ಹಿಡಿಯಿರಿ. ಈ ಸಲ ಸಿಂಹಪ್ರಾಸ, ಅಂದರೆ ಮೊದಲ ಅಕ್ಷರ ಹ್ರಸ್ವ, ಎರಡನೆಯದು ಒತ್ತಿಲ್ಲದ ‘ರ’:

ಮರದ ಬೇರೇ ಬಾನಿಗೇರಿತು

ಗೂಬೆಕಣ್ಣು:
ಇದರಲ್ಲಿ ಬಾವಲಿ ಬರಬಹುದಾ ಸರ್?