ಅಪ್‌ಡೇಟ್: ಉದ್ದದ ಫ್ರೆಂಚ್ ಪದಗಳು ಕೊನೆಗೂ ಬಾಯಿಗೆ ಬಂದವು

ಉದ್ದದ ಫ್ರೆಂಚ್ ಪದ ಬಂದರೆ ನಡುವೆಯೇ ನಾಲಿಗೆ ತೊಡರುತ್ತದೆ, ಎಲ್ಲಿ ಒಡೆಯಬೇಕು ಅಂತ ಹೋದ ವಾರ ಕೇಳಿದ್ದೆನಲ್ಲ, ಬಗೆಹರಿಯಿತು. ಪದದ ಬಾಲದಿಂದ ಶುರು ಮಾಡಿ ಅಂದವರಿಗೆ ತುಂಬಾ ಥ್ಯಾಂಕ್ಸ್. ಸಂವಿಧಾನಕ್ಕೆ ವಿರುದ್ಧವಾಗಿ ಎಂಬರ್ಥದ, ಫ್ರೆಂಚ್ ಬರಹದಲ್ಲಿ 25 ಅಕ್ಷರಗಳ 'ಆಂತಿಕೋಂಸ್ತಿತ್ಯುಸ್ಯೊನೆಲ್‌ಮಾಂ' (anticonstitutionnellement) ಪದವನ್ನೇ ಹಿಡಿದೆ. ಮೊದಲು ಮಾಂ, ಆಮೇಲೆ ನೆಲ್-ಮಾಂ, ಸ್ಯೊ-ನೆಲ್-ಮಾಂ, ಹೀಗೆ ಹಿಂದಕ್ಕೆ. ಒತ್ತು ಬೀಳುವುದು ಕೊನೆಯ ತುಂಡಿನ ಮೇಲೇ ಆದ್ದರಿಂದ ಲಯ ತಾನಾಗಿ ಕೂತಿತು. ನಾಲ್ಕನೇ ದಿನ ಒಂದೇ ಉಸಿರಿಗೆ ಬಂತು!

ಬರಹ ನೋಡಿ ಗೆರೆ ಹಾಕಿ ಒಡೆಯುವ ಸಲಹೆ ಮಾತ್ರ ನನಗೆ ಆಗಲಿಲ್ಲ. ಈ ಪದಕ್ಕೆ ಬರಹದಲ್ಲಿ ಒಂಬತ್ತು ತುಂಡು, ಮಾತಿನಲ್ಲಿ ಎಂಟೇ. ಬೆಳವಣಿಗೆ ಎಂಬರ್ಥದ 'ದೆವ್‌ಲೊಪ್‌ಮಾಂ'ಗೆ (développement) ಬರಹದಲ್ಲಿ ಐದು, ಸಾಮಾನ್ಯ ಮಾತಿನಲ್ಲಿ ಮೂರು. ನಡುವಿನ ಸಣ್ಣ ಸ್ವರಗಳು ಉದುರಿಹೋಗುತ್ತವೆ.

ಗೊತ್ತೇ ಇರದಿದ್ದದ್ದು ಇದು: 'ನಾಸ್ಯೋಂ'ನಲ್ಲಿ (nation, ರಾಷ್ಟ್ರ) ಕೇಳುವ ಮೂಗಿನ ಸ್ವರ 'ನಾಸ್ಯೊನಾಲ್'ನಲ್ಲಿ (national, ರಾಷ್ಟ್ರೀಯ) ಇಲ್ಲ. ಮುಂದೆ ಸ್ವರ ಸಿಕ್ಕೊಡನೆ ನಕಾರ ಅದರ ಜೊತೆ ಸೇರಿ 'ನಾ' ಆಗಿಬಿಡುತ್ತದೆ. ಕನ್ನಡದಲ್ಲಿ ಬರೆದುಕೊಳ್ಳುವವರು ಒಂದು ನೆನಪಿಡಿ, 'ಮಾಂ', 'ಸ್ಯೋಂ'ಗಳ ಕೊನೆಯ ಸೊನ್ನೆಗೆ 'ಮ್' ಅಂತ ತುಟಿ ಮುಚ್ಚಬಾರದು. ಫ್ರೆಂಚಿನ ತ, ದ ಮಾತ್ರ ನಮ್ಮವುಗಳಂತೆಯೇ ಹಲ್ಲಿಗೆ ತಾಗುತ್ತವೆ. ಇಂಗ್ಲಿಷಿನ ಟ, ಡ ಬಿಟ್ಟ ದಿನವೇ ನನ್ನ ಉಚ್ಚಾರ ಅರ್ಧ ಸರಿಹೋಯಿತು.